ಎಂಸಿಬಿ ಬೀಳುತ್ತಿದ್ದ ಮನೆಯ ಡಿಬಿಯನ್ನು ಮರುಜೋಡಿಸಿದ್ದು

ಬೇಸಿಗೆಯಲ್ಲಿ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಪದೇ ಪದೇ ಬಿದ್ದರೆ ಕಲಬುರಗಿಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ದೊಡ್ಡದು ಹಾಕಿ. ಬ್ರಹ್ಮಪುರದ ಆ ಮನೆಯ ಯಜಮಾನರೂ “16ರ ಬದಲು 32 ಆಂಪಿಯರ್‌ನದು ಹಾಕಿಬಿಡಿ” ಎಂದರು. ನಾನು ಒಪ್ಪಲಿಲ್ಲ. ಎಸಿಗೆ ಎಳೆದಿದ್ದು 2.5 ಚದರ ಮಿಲಿಮೀಟರ್ ತಂತಿ. ಎಂಸಿಬಿ ಇರುವುದೇ ಆ ತಂತಿಯನ್ನು ಕಾಯಲು. 32 ಹಾಕಿದರೆ ಗೋಡೆಯೊಳಗೆ ತಂತಿ ಕಾದು ಕರಗುತ್ತಿದ್ದರೂ ಅದು ಸುಮ್ಮನೆ ನಿಂತಿರಬಹುದು.

ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಚ್ಚಿದರೆ ಆ ಹಳೆಯ ಎಸಿ ಎಳೆಯುತ್ತಿದ್ದದ್ದು 11 ಆಂಪಿಯರ್ ಆಸುಪಾಸು. ಡಿಬಿಯ, ಅಂದರೆ ಎಂಸಿಬಿಗಳೆಲ್ಲ ಸಾಲಾಗಿ ಕೂತಿರುವ ಪೆಟ್ಟಿಗೆಯ, ಮುಚ್ಚಳ ತೆಗೆದಾಗ ಕಾರಣ ಕಂಡಿತು. ಅದರ ಎಂಸಿಬಿಯ ಎಡಕ್ಕೆ ಇನ್ನೊಂದು ಎಸಿಯದು, ಬಲಕ್ಕೆ ಬೋರ್‌ವೆಲ್ ಮೋಟಾರಿನದು. ಸ್ಕ್ರೂ ಸಡಿಲವಾಗಿ ತಂತಿಯ ತುದಿ ಕಪ್ಪಾಗಿತ್ತು. ಡಿಬಿ ಇದ್ದ ಗೋಡೆಗೆ ಪಶ್ಚಿಮದ ಬಿಸಿಲು ಬೇರೆ. ಮನೆಬಳಕೆಯ ಎಂಸಿಬಿಯ ಆಂಪಿಯರ್ ಗೊತ್ತುಮಾಡುವುದು 30 ಡಿಗ್ರಿ ಸೆಲ್ಸಿಯಸ್ ಲೆಕ್ಕದಲ್ಲಿ. ಒಳಗಿನ ಜೋಡಿಲೋಹದ ಪಟ್ಟಿ ಕಾದು ಬಾಗಿದಾಗ ಅದು ಬೀಳುತ್ತದೆ. ಹೊರಗೇ 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ, ಎರಡೂ ಬದಿಯಿಂದ ಶಾಖ ತಗುಲಿದರೆ, 16ರದು 16 ಆಂಪಿಯರ್ ಹೊರುವುದಿಲ್ಲ.

ಹೀಗಾಗಿ ಭಾರದ ಎರಡು ಎಂಸಿಬಿಗಳ ನಡುವೆ ದೀಪದ 6 ಆಂಪಿಯರ್‌ನದೊಂದು ಬರುವಂತೆ ಸಾಲನ್ನು ಬದಲಿಸಿದೆ. ಸುಟ್ಟ ತುದಿ ಕತ್ತರಿಸಿ, ತುದಿಗೆ ಹೊಸ ಲಗ್ (ಲೋಹದ ತೊಡಿಗೆ) ಒತ್ತಿ, ಎಲ್ಲ ಸ್ಕ್ರೂ ಬಿಗಿ ಮಾಡಿದೆ. ಇದಕ್ಕೂ ಮೊದಲು ಮೀಟರ್ ಬಳಿಯ ಕಟ್‌ಔಟ್ (ಫ್ಯೂಸ್) ತೆಗೆದಿದ್ದೆ. ಡಿಬಿಯ ಮೇನ್ ಇಳಿಸಿದರೂ ಅದರ ಮೇಲ್ತುದಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ತಂತಿ. ತಗಡಿನ ಕೂಲರ್, ನೀರು, ಒದ್ದೆ ನೆಲ ಮೂರೂ ಸೇರುವ ಊರಿನಲ್ಲಿ ಕೂಲರ್‌ಗಳಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಬಂದರೆ ಬೀಳುವ ಸ್ವಿಚ್) ಬೇಕೇ ಬೇಕು ಎಂಬುದು ನನ್ನ ಹಟ. ಕೂಲರ್ ಸೋರಿದರೆ ಫ್ರಿಜ್ ಆರಬಾರದೆಂದು ಅವಕ್ಕೆ ಪ್ರತ್ಯೇಕವಾದದ್ದನ್ನೇ ಹಾಕಿದೆ. ಆದರೆ ಆ ಗುಂಪಿನ ನ್ಯೂಟ್ರಲ್‌ಗಳೂ ಅದರದೇ ಲಿಂಕ್‌ಗೆ (ನ್ಯೂಟ್ರಲ್‌ಗಳನ್ನು ಕೂಡಿಸುವ ಪಟ್ಟಿಗೆ) ಹೋಗಬೇಕು. ಒಂದು ತಂತಿ ಪಕ್ಕದ ಲಿಂಕ್‌ಗೆ ಸೇರಿದರೂ ಕೂಲರ್ ಹಚ್ಚಿದೊಡನೆ ಆರ್‌ಸಿಸಿಬಿ ಬೀಳುತ್ತದೆ. ಹಳೆಯ ಮನೆಯಲ್ಲಿ ಎಲ್ಲ ನ್ಯೂಟ್ರಲ್‌ಗಳೂ ಒಂದೇ ಕಟ್ಟು. ಕರೆಂಟ್ ತೆಗೆದು, ಎಲ್ಲ ನ್ಯೂಟ್ರಲ್ ಬಿಡಿಸಿ, ಪ್ಲಗ್‌ಗಳನ್ನೆಲ್ಲ ಕಿತ್ತು, ಒಂದು ಪಾಯಿಂಟಿಗೆ ಮಾತ್ರ ಹಳೆಯ ನೂರು ವ್ಯಾಟಿನ ಬಲ್ಬ್ ಸಿಕ್ಕಿಸಿದೆ. ಆ ಪಾಯಿಂಟಿನ ಫೇಸ್ ತಂತಿಗೂ ಒಂದೊಂದು ನ್ಯೂಟ್ರಲ್‌ಗೂ ಮಲ್ಟಿಮೀಟರ್ ಹಚ್ಚಿದರೆ, ಬೀಪ್ ಎಂದದ್ದು ಅದರ ಜೋಡಿ. ಎರಡಕ್ಕೂ ಒಂದೇ ಸಂಖ್ಯೆಯ ಚೀಟಿ ಸುತ್ತಿದೆ.

ಮುಚ್ಚಳದ ಮೇಲೆ ‘ಎಸಿ’, ‘ಮೋಟಾರ್’ ಎಂದಷ್ಟೇ ಬರೆಯದೆ ‘ಅಜ್ಜಿಯ ಕೋಣೆ ಎಸಿ’, ‘ಪಡಸಾಲೆ ಕೂಲರ್’ ಎಂದು ಕನ್ನಡದಲ್ಲಿ ಬರೆದೆ. ಕೂಲರ್‌ಗೆ ನೀರು ತುಂಬುವ ಮುನ್ನ ಯಾವುದನ್ನು ಇಳಿಸಬೇಕು, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಹೇಗೆ ಒತ್ತಬೇಕು ಎಂಬುದನ್ನು ಮನೆಯಾಕೆಯ ಕೈಯಿಂದಲೇ ಮಾಡಿಸಿ ಹೊರಟೆ.