ಬ್ರಸೆಲ್ಸ್ ಕಾನೂನು, ಅಮ್ಮತ್ತಿಯ ಪಹಣಿ

ಕೊಡಗಿನ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಸುತ್ತಮುತ್ತಲಿನ ಸಣ್ಣ ಬೆಳೆಗಾರರಿಂದ ರೋಬಸ್ಟಾ ಕಾಫಿ ಕೊಂಡು, ಕುಶಾಲನಗರದಲ್ಲಿ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವುದು) ಮಾಡಿಸಿ, ಮಂಗಳೂರು ಅಥವಾ ಕೊಚ್ಚಿ ಬಂದರಿನಿಂದ ಯೂರೋಪಿಗೆ ಕಳಿಸುವುದು ನನ್ನ ಕೆಲಸ. ಲಂಡನ್ ಮಾರುಕಟ್ಟೆಯ ಬೆಲೆ ದಿನಾ ಫೋನಿಗೆ ಬರುತ್ತದೆ, ಅದನ್ನು ನೋಡಲು ಎರಡು ನಿಮಿಷ ಸಾಕು. ಈಚಿನ ವರ್ಷಗಳಲ್ಲಿ ನನ್ನ ಹೆಚ್ಚಿನ ಹೊತ್ತು ಹೋಗುತ್ತಿರುವುದು ಪಹಣಿ, ವಂಶವೃಕ್ಷ ಮತ್ತು ಜಿಪಿಎಸ್‌ ಕೆಲಸಕ್ಕೆ.

ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾನೂನು 2023ರ ಜೂನ್‌ನಲ್ಲಿ ಬಂತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಬೆಳೆದ ಒಂದೊಂದು ಜಾಗದ ಅಕ್ಷಾಂಶ, ರೇಖಾಂಶ ದಶಾಂಶದ ಆರು ಅಂಕಿಗಳವರೆಗೆ ಬೇಕು. ಜಾಗ ನಾಲ್ಕು ಹೆಕ್ಟೇರ್‌ಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು. ಬೆಳೆದ ದೇಶದ ಕಾನೂನಿನಂತೆಯೇ ಬೆಳೆದಿದೆ ಎನ್ನುವುದಕ್ಕೂ ದಾಖಲೆ ಬೇಕು. ಕಾನೂನು ಈ ಹೊಣೆ ಹೊರಿಸಿರುವುದು ಅಲ್ಲಿನ ಆಮದುದಾರನ ಮೇಲೆ. ಅವನು ನನ್ನನ್ನು ಕೇಳುತ್ತಾನೆ, ನಾನು ಬೆಳೆಗಾರನನ್ನು ಕೇಳಬೇಕಾಗುತ್ತದೆ.

ಗಡಿ ಗುರುತಿಸುವುದು ಹೇಳಿದಷ್ಟು ಸಲೀಸಲ್ಲ. ಸಿಲ್ವರ್ ಓಕ್, ನಂದಿ, ಅತ್ತಿ ಮರಗಳ ದಟ್ಟ ನೆರಳಿನಲ್ಲಿ ಫೋನಿನ ಜಿಪಿಎಸ್ ನಿಂತಲ್ಲಿ ನಿಲ್ಲುವುದಿಲ್ಲ, ಬೇಲಿ ಪಕ್ಕ ನಿಂತರೆ ನಕ್ಷೆಯಲ್ಲಿ ಪಕ್ಕದವರ ತೋಟದೊಳಗೆ ಹೋಗಿರುತ್ತದೆ. ಅದಕ್ಕೇ ನಾವು ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಆದ ಮೇಲೆ, ಮಳೆ ಹಿಡಿಯುವ ಮುಂಚೆ ಗಡಿ ನಡೆಯುತ್ತೇವೆ. ಮೂಲೆಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು ಅಂಕಿ ಸ್ಥಿರವಾದ ಮೇಲೆ ಬಿಂದು ಹಾಕುತ್ತೇವೆ. ಆನೆ ಇಳಿದಿದೆ ಎಂದು ವಾಟ್ಸಾಪ್‌ನಲ್ಲಿ ಬಂದ ದಿನ ಆ ಕಡೆ ಹೋಗುವುದಿಲ್ಲ. ಸಂಜೆ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು, ನಡೆದ ಗಡಿ ಅದೇ ಸರ್ವೆ ನಂಬರಿನಲ್ಲಿ ಬೀಳುತ್ತದೆಯೇ ಎಂದು ತಾಳೆ ನೋಡುತ್ತೇವೆ. ಕಾಫಿ ಬೋರ್ಡ್ ಕೂಡ ಈ ನೋಂದಣಿಗೆಂದೇ ಆ್ಯಪ್ ತಂದಿದೆ. ಬೆಳೆಗಾರರ ಮನೆಯ ಹುಡುಗ ಹುಡುಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅದನ್ನು ತುಂಬಿಸುತ್ತೇನೆ, ಮುಂದಿನ ಸಲ ನನ್ನನ್ನು ಕಾಯಬೇಕಾಗಬಾರದು.

ಉಪಗ್ರಹದ ಚಿತ್ರದಿಂದ ಇನ್ನೊಂದು ಕಷ್ಟವಿದೆ. ಐರೋಪ್ಯ ಒಕ್ಕೂಟದ ಜಂಟಿ ಸಂಶೋಧನಾ ಕೇಂದ್ರ ಮಾಡಿದ 2020ರ ಅರಣ್ಯ ನಕ್ಷೆಯಲ್ಲಿ ನೆರಳಿನಡಿಯ ತೋಟ ಕಾಡಿನಂತೆ ಕಾಣಬಹುದು. ಅಂದು ಕಾಡು, ಇಂದು ಕಾಫಿ ಎಂದು ಕಂಪ್ಯೂಟರ್ ಲೆಕ್ಕ ಹಾಕಿದರೆ, ಅಜ್ಜನ ಕಾಲದ ತೋಟವೂ ಕಾಡು ಕಡಿದು ಮಾಡಿದ್ದಾಗುತ್ತದೆ. ಮರ ಉಳಿಸಿಕೊಂಡು ಬೆಳೆದವನಿಗೇ ಈ ಅನುಮಾನ ಎನ್ನುವುದು ನನಗೆ ನಿಜಕ್ಕೂ ನೋವಿನ ವಿಷಯ. ಆ ನಕ್ಷೆಯೇ ಅಂತಿಮ ಸಾಕ್ಷಿಯಲ್ಲ, ಕೃಷಿ ಬಳಕೆಯ ಜಾಗವನ್ನು ಕಾನೂನು ಅರಣ್ಯವೆಂದು ಎಣಿಸುವುದೂ ಇಲ್ಲ. ಹಾಗಾಗಿ 2020ಕ್ಕಿಂತ ಹಿಂದಿನ ಪಹಣಿಯಲ್ಲಿ ಬೆಳೆಯ ಕಾಲಂನಲ್ಲಿ ಕಾಫಿ ಎಂದಿರುವ ಪ್ರತಿ, ಹಳೆಯ ಉಪಗ್ರಹ ಚಿತ್ರ, ಬೋರ್ಡ್‌ನ ಹಳೆಯ ಕಾಗದಗಳು, ಇವನ್ನು ಯಾರೂ ಕೇಳುವ ಮೊದಲೇ ಒಂದೊಂದು ತೋಟದ ಫೈಲಿಗೆ ಸೇರಿಸಿಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕೂತು ಮಾತಾಡಬೇಕಾದದ್ದು ಜಮ್ಮಾ ಬಾಣೆಯ, ಅಂದರೆ ಕೊಡಗಿನ ಮನೆತನಗಳ ವಂಶಪಾರಂಪರ್ಯ ಜಾಗದ ವಿಷಯಕ್ಕೆ. ಪಹಣಿಯಲ್ಲಿ ಮನೆತನದ ಪರವಾಗಿ ದಾಖಲಾದ ಹಿರಿಯರ, ಅಂದರೆ ಪಟ್ಟೆದಾರನ ಹೆಸರಿರುತ್ತದೆ, ಅವರು ತೀರಿಹೋಗಿ ಎಷ್ಟೋ ವರ್ಷವಾಗಿರುತ್ತದೆ. ತೋಟ ಮಾಡುವವರು ಮೊಮ್ಮಕ್ಕಳು. ಪಾಲು ಬಾಯಿಮಾತಿನಲ್ಲಿ ಆಗಿದೆ, ಅಳತೆ ಮಾಡಿ ದಾಖಲೆಯಲ್ಲಿ ಬೇರೆ ಮಾಡುವ ಪೋಡಿ ಆಗಿಲ್ಲ. ಕಾಫಿ ಮಾರಿದವರ ಹೆಸರು ಜಾಗದ ದಾಖಲೆಯಲ್ಲಿ ಏಕಿಲ್ಲ ಎಂದು ಜರ್ಮನಿಯ ಕೊಳ್ಳುವವರ ವಕೀಲರು ಪತ್ರ ಬರೆದರು. ಅವರು ಕೇಳಿದ್ದು ಸರಿಯೇ. ಜಮ್ಮಾ ಎಂದರೇನು, ರಾಜರ ಕಾಲದಿಂದ ಸೈನಿಕ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಬಂದ ಈ ಜಾಗವನ್ನು ಬ್ರಿಟಿಷರೂ ಹೇಗೆ ಮುಂದುವರಿಸಿದರು ಎಂದು ವಿವರವಾಗಿ ಬರೆದು ಕಳಿಸಿದೆ. ಜೊತೆಗೆ ವಂಶವೃಕ್ಷ, ಕಂದಾಯ ರಸೀದಿ, ಈ ಭಾಗವನ್ನು ಇವರೇ ಅನುಭವಿಸುತ್ತಿದ್ದಾರೆ ಎಂದು ಮನೆತನದ ಉಳಿದವರು ಸಹಿ ಮಾಡಿದ ಒಪ್ಪಿಗೆ ಪತ್ರ. ಆ ಸಹಿಗಾಗಿ ಒಂದೇ ಮನೆತನದ ಅಣ್ಣತಮ್ಮಂದಿರನ್ನು ಬೆಂಗಳೂರು, ಮೈಸೂರಿನಿಂದ ಮನೆತನದ ಮೂಲಮನೆಯಾದ ಐನ್‌ಮನೆಗೆ ಕರೆಸಿದ್ದುಂಟು. ಹಿರಿಯರೊಬ್ಬರು, "ನಮ್ಮ ಜಾಗದ ನಕ್ಷೆ ಹೊರದೇಶದವರ ಕೈಗೆ ಯಾಕಪ್ಪ ಹೋಗಬೇಕು?" ಎಂದು ಕೇಳಿದರು. ನಮ್ಮ ದೇಶದಲ್ಲೂ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಆಗಿದೆ. ನಕ್ಷೆ ಯಾರಿಗೆ, ಯಾವುದಕ್ಕೆ ಹೋಗುತ್ತದೆ ಎಂದು ಕನ್ನಡದಲ್ಲೇ ಬರೆದು, ಓದಿ ಹೇಳಿ, ಒಪ್ಪಿದವರದ್ದನ್ನು ಮಾತ್ರ ಕಳಿಸುತ್ತೇನೆ. ಆ ಹಿರಿಯರು ಒಪ್ಪಲಿಲ್ಲ. ಅವರ ಕಾಫಿ ಯೂರೋಪಿನ ಲಾಟಿಗೆ (ಒಟ್ಟಿಗೆ ಕಳಿಸುವ ಸರಕಿಗೆ) ಸೇರುವುದಿಲ್ಲ, ಆದರೂ ಅದೇ ಬೆಲೆಗೆ ಕೊಳ್ಳುತ್ತೇನೆ.

ಯೂರೋಪಿನ ಲಾಟಿಗೆ ಸೇರುವುದಿಲ್ಲ ಎಂದೆನಲ್ಲ, ಅದಕ್ಕೆ ಕಾರಣವಿದೆ. ಇಪ್ಪತ್ತಡಿ ಕಂಟೈನರ್‌ಗೆ 60 ಕೆಜಿಯ 320 ಚೀಲ ಹಿಡಿಯುತ್ತದೆ, ಅದರಲ್ಲಿ ಹಲವು ಮನೆಗಳ ಕಾಫಿ ಇರುತ್ತದೆ. ನಕ್ಷೆ ಇರುವ ಕಾಫಿಗೆ ಇಲ್ಲದ್ದನ್ನು ಬೆರೆಸಲು ಈ ಕಾನೂನಿನಲ್ಲಿ ಅವಕಾಶವಿಲ್ಲ. ಒಂದು ತೋಟದ ದಾಖಲೆ ಬಿದ್ದುಹೋದರೆ ಇಡೀ ಲಾಟ್ ನಿಲ್ಲುತ್ತದೆ. ತೂಕದ ದಿನವೇ ಚೀಲಕ್ಕೆ ಸಂಖ್ಯೆ, ಗೋದಾಮಿನಲ್ಲಿ ಬೇರೆ ಅಟ್ಟಿ, ಕ್ಯೂರಿಂಗ್‌ಗೆ ಹಾಕುವಾಗ ಬೇರೆ ಪಾಳಿ.

ರಾಜಕೀಯ ನಮ್ಮ ಕೈಯಲ್ಲಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದು ಬೆಲೆ ಕುಸಿದದ್ದನ್ನೂ, 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗ್ರಾಹಕನಾಗಿದ್ದ ಸೋವಿಯತ್ ಒಕ್ಕೂಟ ಒಡೆದದ್ದನ್ನೂ, ಬೆಳೆಗಾರರ ಕಾಫಿಯನ್ನು ಬೋರ್ಡೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ಕಾಲ ಕಂಡವರು ಇನ್ನೂ ಹೇಳುತ್ತಾರೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ನಮ್ಮ ಕಾಫಿ ಆಫ್ರಿಕಾ ಸುತ್ತಿ ಹೋಗುವಂತಾಯಿತು. ಈ ಕಾನೂನು ಕೂಡ ಮೊದಲು 2024ರ ಡಿಸೆಂಬರ್ 30ಕ್ಕೆ ಜಾರಿ ಎಂದಿತ್ತು. ಒಂದು ವರ್ಷ ಮುಂದೆ ಹೋಯಿತು, ಮತ್ತೆ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ, ಸಣ್ಣವರಿಗೆ 2027ರ ಜೂನ್ 30ಕ್ಕೆ ಹೋಯಿತು. 2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದ್ದರಿಂದ ಅಲ್ಲಿನವರಿಗೆ ಪರಿಶೀಲನೆ ಹಗುರವಾಯಿತು, ನಮಗೆ ಜಾಗದ ಗುರುತು ಕೊಡುವುದು ತಪ್ಪಲಿಲ್ಲ.

ದಿನಾಂಕ ಮುಂದೆ ಹೋದಾಗಲೂ ನಾನು ಕೆಲಸ ನಿಲ್ಲಿಸಿಲ್ಲ. ಆದರೆ ಖರ್ಚಿನ ಮಾತನ್ನು ಬಿಟ್ಟುಕೊಡುವುದಿಲ್ಲ. ಮೂರು ಎಕರೆಯ ಬೆಳೆಗಾರನಿಂದ ನಕ್ಷೆಗೆಂದು ಚೀಲಕ್ಕಿಷ್ಟು ಮುರಿದುಕೊಳ್ಳುವುದು ಅನ್ಯಾಯ. ಈ ದಾಖಲೆ ಬೇಕಾಗಿರುವುದು ಕೊಳ್ಳುವವರಿಗೆ, ಹಣವೂ ಅಲ್ಲಿಂದಲೇ ಬರಬೇಕು. ಈ ಸಾಲಿನ ಒಪ್ಪಂದಗಳಲ್ಲಿ ಅದನ್ನು ಬೆಲೆಯೊಳಗೆ ಸೇರಿಸದೆ ಪ್ರತ್ಯೇಕವಾಗಿ ಬರೆಸುತ್ತಿದ್ದೇನೆ. ಇಟಲಿಯವರು ಒಪ್ಪಿದ್ದಾರೆ, ಜರ್ಮನಿಯವರ ಜೊತೆ ಮಾತು ನಡೆಯುತ್ತಿದೆ.