ಸೆಲ್ಫ್ ಹೊಡೆದರೂ ಏಳದ ಹಳೇ ಕಾರು: ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಡಿಸೆಂಬರ್ ತಿಂಗಳ ಬೆಳಗ್ಗೆ ಆರೂವರೆ. ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಇನ್ನೂ ಮಂಜು. ನಮ್ಮನೆ ಮುಂದಿನ 1998ರ ಮಾರುತಿ 800 ಮಾತ್ರ ‘ಊಂ... ಊಂ...’ ಎಂದು ನರಳಿ ಸುಮ್ಮನಾಗುತ್ತಿತ್ತು. ಎದುರು ಮನೆ ಅಜ್ಜಿ ರಂಗೋಲಿ ಹಾಕುತ್ತಲೇ ಕೇಳಿದರು, ‘ಏನಪ್ಪಾ, ಇವತ್ತೂ ಏಳಲಿಲ್ವಾ ನಿನ್ ಗಾಡಿ?’

ಬ್ಯಾಟರಿ ಹೋಗಿದೆ ಅಂದರು ಎಲ್ಲರೂ. ಹೊಸದು ಹಾಕಿಸಿದೆ. ನಾಲ್ಕು ದಿನ ಚೆನ್ನಾಗಿತ್ತು, ಐದನೇ ದಿನ ಮತ್ತೆ ಅದೇ ‘ಊಂ’. ಕೊನೆಗೆ ಸಿಕ್ಕಿಬಿದ್ದದ್ದು ತುಕ್ಕು ಹಿಡಿದ ಒಂದು ಬೋಲ್ಟು. ಅದನ್ನು ಉಜ್ಜಲು ಬೇಕಾಗಿದ್ದದ್ದು ಅಂಗೈ ಅಗಲದ ಮರಳು ಕಾಗದ. ಬ್ಯಾಟರಿ ದುಡ್ಡು ದಂಡ. ಆವತ್ತಿನಿಂದ ನಾನು ಏನನ್ನೂ ಬದಲಿಸುವ ಮುಂಚೆ ಕೀಲಿ ತಿರುಗಿಸಿ ಸುಮ್ನೆ ಕೇಳುತ್ತೇನೆ.

ಕೀಲಿ ತಿರುಗಿಸಿದಾಗ ಏನು ಕೇಳಿಸಿತು?

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಹೆಡ್‌ಲೈಟ್ ಹಾಕಿ, ಸೆಲ್ಫ್ ಹೊಡೆಯಿರಿ.

‘ಟಕಟಕಟಕ’ ಎಂದು ಬಡಿದುಕೊಂಡು ಲೈಟು ಪೂರ್ತಿ ಮಂಕಾದರೆ ಬ್ಯಾಟರಿ ಡೌನ್ ಆಗಿದೆ, ಇಲ್ಲವೇ ಅದರ ತುದಿ ಸಡಿಲವಾಗಿದೆ. ಒಂದೇ ಒಂದು ‘ಟಕ್’ ಅಂದು ಲೈಟು ಹಾಗೇ ಉರಿಯುತ್ತಿದ್ದರೆ ಸೆಲ್ಫ್ ಮೋಟಾರು ಅಥವಾ ಅದಕ್ಕೆ ಕರೆಂಟು ಹಾಯಿಸುವ ಸ್ವಿಚ್ಚು (ಸಾಲಿನಾಯ್ಡ್) ಮೇಲೆ ಅನುಮಾನಪಡಿ. ‘ಊಂ... ಊಂ...’ ಎಂದು ಎಳೆಯುತ್ತಿದ್ದರೆ ಬ್ಯಾಟರಿ ಅಥವಾ ವೈರು. ಜೋರಾಗಿಯೇ ತಿರುಗಿಯೂ ಸ್ಟಾರ್ಟ್ ತಗೊಳ್ಳದಿದ್ದರೆ ಬ್ಯಾಟರಿಯನ್ನು ಮರೆತುಬಿಡಿ. ಕರೆಂಟೋ ಪೆಟ್ರೋಲೋ, ಎರಡರಲ್ಲಿ ಒಂದು ಬರುತ್ತಿಲ್ಲ.

ಇನ್ನೊಂದು ಶಬ್ದವಿದೆ. ಎಂಜಿನ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ ‘ವಿರ್ರ್’ ಎಂದು ತಿರುಗುವುದು. ಎಂಜಿನ್ನಿನ ವಾಲ್ವುಗಳನ್ನು ಆಡಿಸುವ ಟೈಮಿಂಗ್ ಬೆಲ್ಟ್ ಕಡಿದಿರಬಹುದು. ಕೀಲಿ ತೆಗೆದು ಮೆಕ್ಯಾನಿಕ್‌ಗೆ ಫೋನ್ ಮಾಡಿ, ಮತ್ತೆ ಮತ್ತೆ ಹೊಡೆಯಬೇಡಿ.

ಯಾವ ಗಾಡಿಯಾದರೂ ಒಂದು ಸಲಕ್ಕೆ ಐದಾರು ಸೆಕೆಂಡು ಸಾಕು. ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ. ಬಿಡದೆ ಹೊಡೆದರೆ ಸೆಲ್ಫ್ ಮೋಟಾರು ಸುಡುತ್ತದೆ.

ಬ್ಯಾಟರಿ, ಅದರ ಎರಡು ತುದಿ, ಮತ್ತೆ ಆ ಅರ್ಥ್ ವೈರು

ಮುನ್ನೂರು ನಾನೂರು ರೂಪಾಯಿಯ ಮಲ್ಟಿಮೀಟರ್ ಒಂದು ಮನೆಯಲ್ಲಿರಲಿ. ಡಿಸಿ 20 ವೋಲ್ಟಿಗೆ ಇಡಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ತೋರಿಸಿದರೆ ಪೂರ್ತಿ ಚಾರ್ಜ್. 12.2 ಅಂದರೆ ಅರ್ಧ. 12ಕ್ಕಿಂತ ಕಡಿಮೆಯಾದರೆ ಚಾರ್ಜರ್‌ಗೆ ಹಾಕದೆ ಮುಂದಿನ ಪರೀಕ್ಷೆ ಮಾಡಿ ಲಾಭವಿಲ್ಲ. ಚಾರ್ಜ್ ಇದ್ದೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಕಾಲ ಮುಗಿಯಿತು ಅಂತಲೇ. ಬ್ಯಾಟರಿಯಲ್ಲಿ 11ರ ಹತ್ತಿರ ನಿಂತಿದ್ದೂ ಎಂಜಿನ್ ಎಳೆದಾಡುತ್ತಿದ್ದರೆ? ಕರೆಂಟು ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ನನಗೆ ಆದದ್ದು ಇದೇ.

ಅದನ್ನು ಹಿಡಿಯುವುದು ಹೀಗೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಗೂಟದ ಮೇಲೆಯೇ ಒತ್ತಿ ಹಿಡಿಯಿರಿ. ಗೂಟದ ಮೇಲೆ, ಕ್ಲಾಂಪಿನ ಮೇಲಲ್ಲ. ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ. ನಾನು ಮಗಳನ್ನು ಸೀಟಿನಲ್ಲಿ ಕೂರಿಸಿ ‘ಹ್ಞಾ, ಹೊಡಿ ಪುಟ್ಟಾ’ ಅಂದೆ. ಸೆಲ್ಫ್ ತಿರುಗುವಾಗ ಅರ್ಧ ವೋಲ್ಟಿನೊಳಗೆ ಇರಬೇಕಾದ ಅಂಕಿ ಒಂದೂವರೆ ದಾಟಿತು. ಅಲ್ಲಿಗೆ ಗೊತ್ತಾಯಿತು. ಬ್ಯಾಟರಿಯಿಂದ ಕೆಳಗಿಳಿದ ಕಪ್ಪು ಅರ್ಥ್ ವೈರಿನ ತುದಿ ನೋಡಿದರೆ ಬೋಲ್ಟಿನ ಸುತ್ತ ಕಂದು ತುಕ್ಕು. ಕೆರೆದಾಗ ಪದರ ಪದರವಾಗಿ ಉದುರಿತು. ಉಜ್ಜಿ, ಬಿಗಿ ಮಾಡಿ, ಮತ್ತೆ ಹೊಡೆಸಿದಾಗ ಮೀಟರ್ 0.15. ಗಾಡಿ ಎರಡನೇ ಸುತ್ತಿಗೇ ಎದ್ದಿತು.

ಬ್ಯಾಟರಿಯ ತುದಿಗಳಲ್ಲಿ ಹಸಿರು, ಬಿಳಿ ಪುಡಿ ಕಟ್ಟಿದ್ದರೆ 10 ನಂಬರ್ ಸ್ಪ್ಯಾನರ್ ತೆಗೆದುಕೊಳ್ಳಿ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಹಾಕುವಾಗ ತಿರುವುಮುರುವು. ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸ್ವಲ್ಪ ಸ್ವಲ್ಪ ಸುರಿದರೆ ಬುಸುಬುಸು ನೊರೆ ಬಂದು ಪುಡಿ ಕರಗುತ್ತದೆ. ನೀರು ಬ್ಯಾಟರಿ ಮುಚ್ಚಳದೊಳಗೆ ಮಾತ್ರ ಹೋಗಬಾರದು. ಒರೆಸಿ, ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ಗಾಡಿ ಎದ್ದ ಮೇಲೆ ಇನ್ನೊಂದು ಸಲ ಮೀಟರ್ ಇಡಿ. 13.8ರಿಂದ 14.5ರೊಳಗೆ ಇರಬೇಕು. ಕಡಿಮೆ ಇದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟು ಸರಿಯಿಲ್ಲ. ಎಷ್ಟು ಹೊಸ ಬ್ಯಾಟರಿ ತಂದರೂ ಖಾಲಿಯಾಗುತ್ತಲೇ ಇರುತ್ತದೆ.

ಕರೆಂಟ್ ಬರುತ್ತಿದೆಯಾ?

ಮಳೆಗಾಲದಲ್ಲಿ ಮಾತ್ರ ಹಟ ಮಾಡುವ ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಹಳೇ ಕಾಲದ ಬಟ್ಟಲು) ಗಾಡಿಯಾದರೆ ನೇರ ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಬ್ಬಿಯ ಮುಚ್ಚಳಕ್ಕೆ ಹೋಗಿ. ತೆಗೆದು ಒಳಗೆ ಒಣಬಟ್ಟೆಯಲ್ಲಿ ಒರೆಸಿ. ಪೆನ್ಸಿಲ್ ಗೀಚಿದಂತೆ ಸಣ್ಣ ಕಪ್ಪು ಗೆರೆ ಕಂಡರೆ ಕರೆಂಟು ಅದೇ ದಾರಿಯಲ್ಲಿ ಸೋರುತ್ತಿದೆ. ಮುಚ್ಚಳ ಬದಲಿಸಿ. ಪ್ಲಗ್ ವೈರುಗಳ ಪರೀಕ್ಷೆಗೆ ರಾತ್ರಿ ಒಳ್ಳೆಯದು. ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುವಾಗ ದೂರದಿಂದ ನೋಡಿ. ಹಳೇ ವೈರಿನ ಮೈಮೇಲೆ ನೀಲಿ ಕಿಡಿ ಮಿಣುಕುತ್ತಿದ್ದರೆ ಪೂರಾ ಸೆಟ್ ಬದಲಿಸುವುದೇ ಸರಿ. ಕೈ ಹಾಕಬೇಡಿ, ಸಾವಿರಾರು ವೋಲ್ಟ್ ಅದು.

ಪ್ಲಗ್ ಬಿಚ್ಚುವುದು ಎಂಜಿನ್ ತಣ್ಣಗಿರುವಾಗ. ಕೂರಿಸುವಾಗ ಮೊದಲು ಕೈಯಲ್ಲೇ ತಿರುಗಿಸಿ, ಕೊನೆಗೆ ಪಾನಾ. ಅಲ್ಯೂಮಿನಿಯಂ ಹೆಡ್ಡಿನ ಮರೆ (ಥ್ರೆಡ್) ಹಾಳಾದರೆ ಖರ್ಚು ಜಾಸ್ತಿ. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಒದ್ದೆಯಾಗಿ ಪೆಟ್ರೋಲ್ ನಾರುತ್ತಿದ್ದರೆ ಓವರ್‌ಫ್ಲೋ, ಇಲ್ಲವೇ ಕಿಡಿಯೇ ಹಾರುತ್ತಿಲ್ಲ. ಕಾರ್ಬೊರೇಟರ್ ಮಾರುತಿ 800ರ ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡಿರುವವರು ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟನ್ನೂ (ಕಿಡಿಗಾಗಿ ಕರೆಂಟು ಕಡಿಯುವ ಸಣ್ಣ ಸ್ವಿಚ್ಚು) ನೋಡಿ.

ಪೆಟ್ರೋಲ್ ಕಡೆ

ಕಾರ್ಬೊರೇಟರ್ ಗಾಡಿ ಒಂದು ವಾರ ನಿಂತರೆ ಅದರ ಬಟ್ಟಲಿನ ಪೆಟ್ರೋಲ್ ಆರಿಹೋಗುತ್ತದೆ. ಮೊದಲ ಸ್ಟಾರ್ಟಿಗೆ ಜಾಸ್ತಿ ಹೊಡೆಯಬೇಕಾಗುವುದು ಸಹಜ, ರೋಗವಲ್ಲ. ಚೋಕ್ ಪೂರ್ತಿ ಎಳೆದು ಹೊಡೆಯಿರಿ, ಎದ್ದ ಮೇಲೆ ನಿಧಾನ ಒಳಗೆ ತಳ್ಳಿ. ತಿಂಗಳುಗಟ್ಟಲೆ ನಿಂತ ಗಾಡಿಯ ಕತೆ ಬೇರೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇದೆ. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಕಬ್ಬಿನ ಕಾಕಂಬಿಯಿಂದ ಮಾಡುವುದೂ ಇದನ್ನೇ ಅಲ್ವಾ! ಎಥನಾಲ್ ನೀರು ಹೀರುತ್ತದೆ. ಹಳೇ ಗಾಡಿಯ ರಬ್ಬರ್ ಪೈಪು, ವಾಷರುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಪೈಪನ್ನು ಚಿವುಟಿ ನೋಡಿ. ಬಿರುಕು ಅಥವಾ ಅಂಟು ಕಂಡರೆ ಬದಲಿಸಿ. ಸೋರಿಕೆ ಇದ್ದರೆ ಸ್ಟಾರ್ಟ್ ಮಾಡುವ ಮಾತೇ ಬೇಡ.

ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ) ಗಾಡಿಗೆ ಚೋಕ್ ಇಲ್ಲ, ಆದರೆ ಒಂದು ಒಳ್ಳೆಯ ಉಪಾಯ ಇದೆ. ಕೀಲಿ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡು ‘ಗುಂಯ್’ ಎಂದು ಪಂಪು ಓಡಿ ನಿಲ್ಲಬೇಕು. ಸದ್ದೇ ಇಲ್ಲವಾದರೆ ಫ್ಯೂಸ್, ರಿಲೇ, ಪಂಪು, ಈ ಕ್ರಮದಲ್ಲಿ ನೋಡಿ. ಸದ್ದು ಬಂದೂ ಬೆಳಗ್ಗೆ ಏಳದಿದ್ದರೆ ಕೀಲಿಯನ್ನು ಮೂರು ಸಲ ಆನ್-ಆಫ್ ಮಾಡಿ ಆಮೇಲೆ ಹೊಡೆಯಿರಿ. ಹೀಗೆ ಮಾಡಿದಾಗ ತಕ್ಷಣ ಎದ್ದರೆ ರಾತ್ರಿ ಪೈಪಿನಲ್ಲಿ ಒತ್ತಡ ಇಳಿದುಹೋಗುತ್ತಿದೆ ಎಂದರ್ಥ. ಪಂಪಿನ ವಾಲ್ವೋ ಇಂಜೆಕ್ಟರೋ ಸೋರುತ್ತಿರಬೇಕು. ತಣ್ಣಗಿದ್ದಾಗ ಮಾತ್ರ ಕಾಟ ಕೊಡುತ್ತದೆ, ಪಂಪು ಸರಿಯಿದೆ ಎಂದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಚೆಕ್ ಮಾಡಿಸಿ.

ಮದ್ದೂರು ವಡೆ ತಿಂದು ಬಂದ ಮೇಲೆ

ಏಪ್ರಿಲ್ ಬಿಸಿಲಲ್ಲಿ ಬೆಂಗಳೂರಿಂದ ಬರುತ್ತಾ ಮದ್ದೂರಲ್ಲಿ ಇಳಿದು, ವಡೆ, ಕಾಫಿ ಮುಗಿಸಿ ಕಾಲು ಗಂಟೆಗೆ ವಾಪಸ್. ಗಾಡಿ ಏಳಲ್ಲ. ಎಂಜಿನ್ ಆರಿಸಿದ ಮೇಲೆ ಬಾನೆಟ್ ಒಳಗೆ ಶಾಖ ಏರುತ್ತದೆ. ಕಾರ್ಬೊರೇಟರ್ ಬಟ್ಟಲಲ್ಲಿ ಪೆಟ್ರೋಲ್ ಕುದಿದು ಒಳಗೆ ಉಕ್ಕಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಾಗೇ ಹಿಡಿದು ಹೊಡೆಯಿರಿ. ಪಂಪ್ ಮಾಡಬೇಡಿ, ಚೋಕ್ ಮುಟ್ಟಬೇಡಿ. ಎಂಪಿಎಫ್‌ಐ ಗಾಡಿಯಲ್ಲೂ ಓವರ್‌ಫ್ಲೋ ಆಗಿದ್ದರೆ ಇದೇ ಮದ್ದು. ಎಷ್ಟೋ ಗಾಡಿಗಳಲ್ಲಿ ಪೆಡಲ್ ತಳ ಮುಟ್ಟಿದ್ದಾಗ ಕಂಪ್ಯೂಟರೇ ಪೆಟ್ರೋಲ್ ನಿಲ್ಲಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಬಾನೆಟ್ ಎತ್ತಿಟ್ಟು ಇನ್ನೊಂದು ಕಾಫಿ. ತಣ್ಣಗಾದ ಮೇಲೆ ಪ್ರತಿ ಸಲ ತಾನಾಗಿ ಏಳುವ ಎಂಪಿಎಫ್‌ಐ ಗಾಡಿಯಾದರೆ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಹೆಸರು ಮೆಕ್ಯಾನಿಕ್ ಕಿವಿಗೆ ಹಾಕಿ.

ಹಳೇ ಡೀಸೆಲ್ ಗಾಡಿಯವರಿಗೆ ಒಂದೇ ಮಾತು: ಚಳಿಯಲ್ಲಿ ಸುರುಳಿ ಗುರುತಿನ ಲೈಟು ಆರುವ ತನಕ ಕಾಯಿರಿ. ಕಾದರೂ ಏಳದಿದ್ದರೆ ಹೀಟರ್ ಪ್ಲಗ್ ಹೋಗಿರಬಹುದು.

ತುರ್ತಿಗೆ

ತಳ್ಳಿ ಎಬ್ಬಿಸುವುದಾದರೆ ಎರಡನೇ ಗೇರು, ಕೀಲಿ ಆನ್. ಓಟ ಹಿಡಿದ ಮೇಲೆ ಕ್ಲಚ್ ಬಿಡಿ. ಎಂಪಿಎಫ್‌ಐ ಗಾಡಿಗೆ ನಾನು ಇದನ್ನು ಹೇಳುವುದಿಲ್ಲ, ಜಂಪ್ ಕೇಬಲ್ ವಾಸಿ. ಕೆಂಪು ಕೇಬಲ್ಲು ಎರಡೂ ಗಾಡಿಯ ಪಾಸಿಟಿವ್‌ಗೆ. ಕಪ್ಪಿನ ಒಂದು ತುದಿ ಒಳ್ಳೆ ಬ್ಯಾಟರಿಯ ನೆಗೆಟಿವ್‌ಗೆ. ಇನ್ನೊಂದು ತುದಿ ಸತ್ತ ಬ್ಯಾಟರಿಗೆ ಬೇಡ, ಅಲ್ಲಿಂದ ದೂರ ಎಂಜಿನ್ನಿನ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಕೊನೆಯ ಕ್ಲಿಪ್ಪು ತಾಗುವಾಗ ಕಿಡಿ ಹಾರಿಯೇ ಹಾರುತ್ತದೆ.