ಪಂದ್ಯದ ಗಡಿಯಾರಕ್ಕೆ ಹೊಂದಿಸಿದ ಅಡುಗೆ

2022ರ ನವೆಂಬರ್ 22ರ ಮಧ್ಯಾಹ್ನ, ನಮ್ಮ ಗಡಿಯಾರದ ಮೂರೂವರೆಗೆ ಕತಾರ್‌ನಲ್ಲಿ ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ ತಂಡಗಳ ಫುಟ್‌ಬಾಲ್ ವಿಶ್ವಕಪ್ ಪಂದ್ಯ ಆರಂಭವಾದಾಗ, ಹಲಸೂರಿನ ನಮ್ಮ ಮನೆಯಲ್ಲಿ ಅರ್ಜೆಂಟೀನಾದ ಕರ್ಜಿಕಾಯಿಯಂಥ ತಿನಿಸಾದ ಎಂಪನಾಡಾಗಳು ಇಪ್ಪತ್ತನಾಲ್ಕು, ಹೂರಣ ತುಂಬಿಸಿಕೊಂಡು ಕರಿಯಲು ಸಿದ್ಧವಾಗಿದ್ದವು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರ ನಮಗೆ ನಡೆದುಹೋಗುವಷ್ಟು ಹತ್ತಿರ. ಈ ಭಾಗದಲ್ಲಿ ವಿಶ್ವಕಪ್ ಎಂದರೆ ಹಬ್ಬವೇ, ಹಬ್ಬಕ್ಕೆ ತಕ್ಕ ಅಡುಗೆಯೂ ಆಗಬೇಕೆಂಬುದು ನನ್ನ ಆಸೆಯಾಗಿತ್ತು. ಹದಿನೈದು ನಿಮಿಷದ ವಿರಾಮದಲ್ಲಿ ಎಲ್ಲವನ್ನೂ ಕರಿದು ಮುಗಿಸಬಹುದೆಂದು ಲೆಕ್ಕ ಹಾಕಿದ್ದೆ. ಎಣ್ಣೆ ಕಾಯುವುದಕ್ಕೇ ಐದಾರು ನಿಮಿಷ ಹೋಯಿತು, ಬಾಣಲೆಯಲ್ಲಿ ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಹಿಡಿಸಲಿಲ್ಲ. 48 ಮತ್ತು 53ನೆಯ ನಿಮಿಷಗಳಲ್ಲಿ ಸೌದಿ ತಂಡ ಹೊಡೆದ ಎರಡೂ ಗೋಲುಗಳ ಕೂಗು ಹಜಾರದಿಂದ ಕೇಳಿಸಿತೇ ಹೊರತು ಒಂದನ್ನೂ ನಾನು ಕಣ್ಣಾರೆ ಕಾಣಲಿಲ್ಲ.

ಚೆಂಡು ಮೈದಾನದಲ್ಲಿರುವಷ್ಟು ಹೊತ್ತು ಅಡುಗೆಯವರ ಕೈ ಬೇಡದ ತಿನಿಸನ್ನೇ ಆರಿಸಬೇಕೆಂದು ಅಂದೇ ನಿಶ್ಚಯಿಸಿದೆ.

ಡಿಸೆಂಬರ್ 6ರ ರಾತ್ರಿ ಎಂಟೂವರೆಗೆ ಮೊರಾಕ್ಕೊ ಮತ್ತು ಸ್ಪೇನ್ ಎದುರಾದಾಗ ಹರೀರಾ ಮಾಡಿದೆ. ರಂಜಾನ್ ಉಪವಾಸ ಬಿಡುವಾಗ ಮೊರಾಕ್ಕೊದ ಮನೆಗಳಲ್ಲಿ ಕುಡಿಯುವ ಗಟ್ಟಿ ಸಾರು ಇದು. ಅಲ್ಲಿ ಸಾಮಾನ್ಯವಾಗಿ ಕುರಿಮಾಂಸ ಹಾಕುತ್ತಾರೆ. ಅತಿಥಿಗಳಲ್ಲಿ ಸಸ್ಯಾಹಾರಿಗಳಿದ್ದುದರಿಂದ ನಾನು ಬಿಟ್ಟೆ. ಹಿಂದಿನ ರಾತ್ರಿ ನೆನೆಹಾಕಿದ 200 ಗ್ರಾಂ ಕಾಬೂಲಿ ಕಡಲೆಯನ್ನು ಕುಕ್ಕರಿನಲ್ಲಿ ಬೇಯಿಸಿಟ್ಟುಕೊಂಡು, ಈರುಳ್ಳಿ, ಶುಂಠಿ ಮತ್ತು ಸೆಲರಿಯನ್ನು ಬಾಡಿಸಿ, ಅರಿಸಿನ, ಕಾಳುಮೆಣಸು, ದಾಲ್ಚಿನ್ನಿ ಹಾಕಿ, ಒಂದು ಕಿಲೋ ಟೊಮೆಟೊ ಮತ್ತು ಮಸೂರ್ ಬೇಳೆಯೊಂದಿಗೆ ಸಣ್ಣ ಉರಿಯಲ್ಲಿ ಕುದಿಸಿದೆ. ಬೇಳೆ ಕರಗಿದ ಮೇಲೆ ಕಡಲೆ ಸೇರಿಸಿ, ಎರಡು ಚಮಚ ಮೈದಾ ಕದಡಿದ ನೀರನ್ನು ತೆಳ್ಳಗೆ ಸುರಿಯುತ್ತಾ ಕೈಬಿಡದೆ ತಿರುಗಿಸಬೇಕು. ಹರೀರಾದ ನುಣುಪು ನಿಂತಿರುವುದು ಈ ಒಂದು ಹಂತದ ಮೇಲೆ. ಇಲ್ಲಿ ಅವಸರ ಮಾಡಿದರೆ ಗಂಟು ಕಟ್ಟುತ್ತದೆ. ಕೊನೆಗೆ ಹೆಚ್ಚಿದ ಕೊತ್ತಂಬರಿ, ಹಿಂಡಿದ ನಿಂಬೆ, ಪಕ್ಕದಲ್ಲಿ ಖರ್ಜೂರ. ಸ್ಪೇನ್‌ಗಾಗಿ ಆಲೂಗಡ್ಡೆ, ಮೊಟ್ಟೆಗಳ ದಪ್ಪ ಆಮ್ಲೆಟ್ಟಾದ ತೋರ್ತಿಯಾವನ್ನು ಸಂಜೆಯೇ ಮಾಡಿಟ್ಟಿದ್ದೆ. ಅದು ಆರಿದ ಮೇಲೂ ರುಚಿಯಾಗಿಯೇ ಇರುತ್ತದೆ. 120 ನಿಮಿಷಗಳಲ್ಲೂ ಗೋಲು ಬರಲಿಲ್ಲ. ಮೊರಾಕ್ಕೊದ ಗೋಲ್‌ಕೀಪರ್ ಬೂನೂ ಪೆನಾಲ್ಟಿಗಳನ್ನು ತಡೆದು, ಅದೇ ತಂಡದ ಹಕೀಮಿ ಗೆಲುವಿನ ಚೆಂಡನ್ನು ಮೆಲ್ಲಗೆ ನಡುವಿಗೆ ಚಿಮ್ಮಿಸುವವರೆಗೂ ಸಣ್ಣ ಉರಿಯ ಮೇಲಿನ ಹರೀರಾ ಬಿಸಿಯಾಗಿಯೇ ಇತ್ತು, ನಾನು ಒಮ್ಮೆಯೂ ಪಂದ್ಯ ಬಿಟ್ಟೇಳಲಿಲ್ಲ.

ಡಿಸೆಂಬರ್ 18ರ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವಿನ ಫೈನಲ್‌ಗೆ ಎಂಪನಾಡಾವನ್ನೇ ಮತ್ತೆ ಕೈಗೆತ್ತಿಕೊಂಡೆ, ಈ ಸಲ ಓವನ್‌ನಲ್ಲಿ. ಅರ್ಧ ಕಿಲೋ ಮೈದಾಕ್ಕೆ 100 ಗ್ರಾಂ ಬೆಣ್ಣೆ ಉಜ್ಜಿ, ಉಪ್ಪು ಕರಗಿಸಿದ ಬೆಚ್ಚನೆಯ ನೀರಿನಲ್ಲಿ ಕಣಕ ಕಲಸಿ ಒಂದು ಗಂಟೆ ಬಿಟ್ಟೆ. ಅರ್ಜೆಂಟೀನಾದಲ್ಲಿ ಹೆಚ್ಚಾಗಿ ದನದ ಮಾಂಸ ಬಳಸುತ್ತಾರೆ. ನಾನು ಮಟನ್ ಕೀಮಾವನ್ನು ಈರುಳ್ಳಿ, ಜೀರಿಗೆ, ಪಾಪ್ರಿಕಾಗಳೊಂದಿಗೆ ಬೇಯಿಸಿ, ಬೆಂದ ಮೊಟ್ಟೆ ಮತ್ತು ಆಲಿವ್ ಬೆರೆಸಿದೆ. ಹೂರಣ ಪೂರ್ತಿ ತಣ್ಣಗಾಗದಿದ್ದರೆ ಬೆಣ್ಣೆ ಕರಗಿ ಕಣಕ ಹರಿಯುತ್ತದೆಯಾದ್ದರಿಂದ ಅದನ್ನು ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡುವುದು ಒಳ್ಳೆಯದು. ಅಂಚನ್ನು ಹೆಣೆದಂತೆ ಮಡಚುವ ಕೆಲಸವನ್ನು ಅಮ್ಮ ವಹಿಸಿಕೊಂಡರು. ಗೌರಿ ಹಬ್ಬದ ಕರ್ಜಿಕಾಯಿಗೆ ಪಳಗಿದ ಬೆರಳುಗಳಿಗೆ ಅದನ್ನು ಹೇಳಿಕೊಡಬೇಕಾಗಲಿಲ್ಲ. ಜೊತೆಗೆ ನೆಂಚಿಕೊಳ್ಳಲು ಚಿಮಿಚುರಿ ಬೇಕೇಬೇಕು. ರಸೆಲ್ ಮಾರ್ಕೆಟ್‌ನಿಂದ ತಂದ ಪಾರ್ಸ್ಲಿಯನ್ನೂ ಬೆಳ್ಳುಳ್ಳಿಯನ್ನೂ ಚಾಕುವಿನಿಂದಲೇ ಸಣ್ಣಗೆ ಹೆಚ್ಚಿ ಒರೆಗಾನೊ, ಒಣಮೆಣಸಿನ ಚೂರು, ವಿನೆಗರ್, ಎಣ್ಣೆಗಳೊಂದಿಗೆ ಕಲಸಿದೆ. ಮಿಕ್ಸಿಗೆ ಹಾಕಿದರೆ ಅದು ಚಟ್ನಿಯಾಗಿಬಿಡುತ್ತದೆ. ಪಾರ್ಸ್ಲಿಯ ಬದಲು ಕೊತ್ತಂಬರಿ ಹಾಕಿದರೆ ಅದರ ಘಮವೇ ಮೇಲಾಗುತ್ತದೆ, ಹಾಗಾಗಿ ಆ ಬದಲಾವಣೆಯನ್ನು ನಾನು ಒಪ್ಪುವುದಿಲ್ಲ.

200 ಡಿಗ್ರಿಯಲ್ಲಿ ಬೇಯಲು ಇಪ್ಪತ್ತೈದು ನಿಮಿಷ ಬೇಕು, ವಿರಾಮವಿರುವುದು ಹದಿನೈದೇ ನಿಮಿಷ. ಆದ್ದರಿಂದ ಮೊದಲೇ ಕಾಯಿಸಿಟ್ಟ ಓವನ್‌ಗೆ, 36ನೆಯ ನಿಮಿಷದಲ್ಲಿ ಅರ್ಜೆಂಟೀನಾದ ದಿ ಮರಿಯಾ ಗೋಲು ಹೊಡೆದು ಆಟಗಾರರು ಸಂಭ್ರಮಿಸುತ್ತಿದ್ದ ಬಿಡುವಿನಲ್ಲಿ ಟ್ರೇ ತಳ್ಳಿ ಬಂದೆ. ವಿರಾಮದ ಸೀಟಿ ಊದಿದ ಸ್ವಲ್ಪ ಹೊತ್ತಿಗೆ ಅವು ಹೊಂಬಣ್ಣಕ್ಕೆ ತಿರುಗಿದ್ದವು. 80 ಮತ್ತು 81ನೆಯ ನಿಮಿಷಗಳಲ್ಲಿ ಫ್ರಾನ್ಸ್‌ನ ಎಂಬಾಪೆ ಬೆನ್ನುಬೆನ್ನಿಗೆ ಹೊಡೆದ ಎರಡು ಗೋಲುಗಳನ್ನು ಈ ಬಾರಿ ಕಣ್ತುಂಬ ನೋಡಿದೆ. ಅರ್ಜೆಂಟೀನಾದ ಮೊಂಟಿಯೆಲ್ ಗೆಲುವಿನ ಕೊನೆಯ ಪೆನಾಲ್ಟಿ ಹೊಡೆದಾಗ ತಟ್ಟೆಯಲ್ಲಿ ಎರಡೇ ಎಂಪನಾಡಾ ಉಳಿದಿದ್ದವು, ಅವನ್ನು ಅಮ್ಮನೂ ನಾನೂ ಹಂಚಿಕೊಂಡೆವು.